ಬೆಳ್ಳಿ ಚುಕ್ಕಿ ಹೌದು, ತಾರೆಯಲ್ಲ
ಖಗೋಳ ವಿಜ್ಞಾನದ ಮೂಲಪದಗಳು: ಒಂದು ವಿಮರ್ಶೆ

ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಪದಗಳ ಕೊರತೆ ಇದೆ ಎಂಬ ದೂರನ್ನು ನಾವೆಲ್ಲ ಕೇಳಿದ್ದೇವೆ. ಭೌತವಿಜ್ಞಾನದ ಕೆಲವು ಶಾಖೆಗಳ ಮಟ್ಟಿಗೆ ಈ ದೂರಿನಲ್ಲಿ ಸತ್ಯಾಂಶ ಇರಬಹುದು. ಖಗೋಳ ವಿಜ್ಞಾನದಲ್ಲಿ ಮಾತ್ರ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಪದಗಳಿಗೆ ಬರವಿಲ್ಲ; ಪದಗಳ ನಡುವೆ ಗಡಿರೇಖೆ ಇಲ್ಲ. ಅಮರಕೋಶದಲ್ಲಿ ನಕ್ಷತ್ರ, ಋಕ್ಷ, ಭ, ತಾರಾ, ತಾರಕಾ, ಉಡು ಎಂಬ ಆರು ಪದಗಳು ಸಮಾನಾರ್ಥಕಗಳಾಗಿ ಒಟ್ಟಿಗೆ ಬರುತ್ತವೆ. ಇವುಗಳ ಜೊತೆಗೆ ನಮ್ಮದೇ ಆದ ಚುಕ್ಕಿ ಇದೆ. ಕವಿಗೆ ಇದು ಸಂಪತ್ತು. ಛಂದಸ್ಸಿಗೆ ಒಪ್ಪುವುದನ್ನು ಆರಿಸಿಕೊಳ್ಳಬಹುದು. ವಿಜ್ಞಾನದ ವಿದ್ಯಾರ್ಥಿಗೆ ಇದೇ ತೊಡಕು. ಒಂದು ವಸ್ತುವಿಗೆ ಆರು ಹೆಸರುಗಳಿದ್ದರೆ ಅಷ್ಟೇನೂ ಹಾನಿಯಿಲ್ಲ. ಆದರೆ ಒಂದೇ ಹೆಸರು ಮೂರು ನಾಲ್ಕು ಬೇರೆ ಬೇರೆ ವಸ್ತುಗಳಿಗೆ ಅಂಟಿಕೊಂಡರೆ ಓದುವವರ ತಿಳಿವಳಿಕೆಯೇ ಕಲಸಿಹೋಗುತ್ತದೆ.

ಇಳಕಲ್ಲಿನ ನೇಕಾರರನ್ನು ಗಮನಿಸಿ. ಅವರಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಒಡಲು, ದಡಿ, ಸೆರಗು ಒಂದೊಂದಕ್ಕೂ ಅದರದೇ ಹೆಸರು. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೂಡಿಸುವ ಕ್ರಮಕ್ಕೆ ಕೊಂಡಿ ಎನ್ನುತ್ತಾರೆ. ಈ ಪದಗಳನ್ನು ಅವರು ಅದಲುಬದಲು ಮಾಡುವುದಿಲ್ಲ. ಮಾಡಿದರೆ ಸೀರೆ ಕೆಡುತ್ತದೆ. ಕಸುಬಿನ ಭಾಷೆಗೆ ಈ ಶಿಸ್ತು ತಾನಾಗಿ ಬರುತ್ತದೆ, ಏಕೆಂದರೆ ಅಲ್ಲಿ ತಪ್ಪಿಗೆ ಬೆಲೆ ತೆರಬೇಕು. ವಿಜ್ಞಾನ ಬರಹದಲ್ಲಿ ಪದ ತಪ್ಪಿದರೆ ಬರೆದವನಿಗೆ ನಷ್ಟವಿಲ್ಲ, ಓದಿದವನಿಗೆ ಇದೆ. ಹುನಗುಂದದಲ್ಲೋ ಬಾದಾಮಿಯಲ್ಲೋ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷಿಗೆ ಹೊರಳುವ ವಿದ್ಯಾರ್ಥಿ ಎರಡು ಭಾಷೆಗಳ ಪದಗಳನ್ನು ಹೊಂದಿಸಿಕೊಳ್ಳಬೇಕು. ಕನ್ನಡದ ಕಡೆಯೇ ಗೊಂದಲವಿದ್ದರೆ ಅವರು ಹೊಂದಿಸುವುದು ಯಾವುದಕ್ಕೆ ಯಾವುದನ್ನು? ಕೊನೆಗೆ ವಿಷಯ ತನಗೆ ಅರ್ಥವಾಗದು ಎಂಬ ತೀರ್ಮಾನಕ್ಕೆ ಬರುತ್ತಾರೆ. ಅರ್ಥವಾಗದಿದ್ದುದು ವಿಷಯವಲ್ಲ, ಪದ.

ಆದುದರಿಂದ ಬಳಕೆಯಲ್ಲಿರುವ ಕೆಲವು ಪದಗಳನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸೋಣ. ಈ ಪದ ಒಂದೇ ವಸ್ತುವನ್ನು ಸೂಚಿಸುತ್ತದೆಯೆ? ಕೇಳಿದೊಡನೆ ತಪ್ಪು ಕಲ್ಪನೆ ಹುಟ್ಟಿಸುತ್ತದೆಯೆ? ಜನರ ನಾಲಗೆಗೆ ಒಗ್ಗಿದೆಯೆ? ಹೊಸ ಪದಗಳನ್ನು ಕಟ್ಟುವುದು ಈ ಲೇಖನದ ಉದ್ದೇಶವಲ್ಲ. ಇರುವ ಪದಗಳಿಗೆ ಕೆಲಸ ಹಂಚಿಕೊಡುವುದಷ್ಟೇ ಉದ್ದೇಶ.

ಚುಕ್ಕಿ, ತಾರೆ, ನಕ್ಷತ್ರ

ನಕ್ಷತ್ರ ಎಂಬ ಪದಕ್ಕೆ ಇಂದಿನ ಕನ್ನಡದಲ್ಲಿ ಕನಿಷ್ಠ ಎರಡು ಅರ್ಥಗಳಿವೆ. ಸ್ವಯಂಪ್ರಕಾಶವಿರುವ ಅನಿಲಗೋಳ ಎಂಬುದು ಪಠ್ಯಪುಸ್ತಕದ ಅರ್ಥ. ಪಂಚಾಂಗದ ಅರ್ಥ ಬೇರೆ. ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ಕ್ರಾಂತಿವೃತ್ತವನ್ನು 27 ಸಮಭಾಗ ಮಾಡಿದರೆ ಒಂದೊಂದು ಭಾಗ 13 ಡಿಗ್ರಿ 20 ಮಿನಿಟು ಆಗುತ್ತದೆ. ಆ ಭಾಗದ ಹೆಸರೂ ನಕ್ಷತ್ರವೇ. ಅಂದರೆ ಅಲ್ಲಿ ನಕ್ಷತ್ರ ಎಂಬುದು ವಸ್ತುವಲ್ಲ, ವಿಳಾಸ.

ನಮ್ಮ ಭಾಗದ ಒಕ್ಕಲುತನ ನಡೆದು ಬಂದಿರುವುದೇ ಈ ಎರಡನೆಯ ಅರ್ಥದ ಮೇಲೆ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರ್ದ್ರಾ ಮಳೆ ಎಂದು ರೈತರು ಎಣಿಸುತ್ತಾರೆ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವವರ ಕಣ್ಣು ಉತ್ತರಾ, ಹಸ್ತಾ ಮಳೆಗಳ ಮೇಲೆ ಇರುತ್ತದೆ. ಇಲ್ಲಿ ರೋಹಿಣಿ ಮಳೆ ಎಂದರೆ ಸೂರ್ಯ ರೋಹಿಣಿ ಎಂಬ ಭಾಗದಲ್ಲಿ ಇರುವ ಅವಧಿಯ ಮಳೆ. 365 ದಿನಗಳನ್ನು 27ರಿಂದ ಭಾಗಿಸಿದರೆ ಒಂದು ಭಾಗಕ್ಕೆ ಹದಿಮೂರೂವರೆ ದಿನ. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ರೋಹಿಣಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹತ್ತರ ಸುಮಾರಿನವರೆಗೆ ಹಸ್ತಾ. ಇದು ಸೂರ್ಯನನ್ನು ಆಧರಿಸಿದ, ಬಹಳ ಉಪಯುಕ್ತವಾದ ಕಾಲಗಣನೆ.

ಆದರೆ ಶಾಲೆಯ ಹುಡುಗಿಗೆ ನಕ್ಷತ್ರ ಎಂಬ ಒಂದೇ ಪದ ಗೊತ್ತು. ರೋಹಿಣಿ ನಕ್ಷತ್ರ ಮಳೆ ಸುರಿಸುತ್ತದೆ ಎಂದು ಆಕೆ ತಿಳಿದರೆ ತಪ್ಪು ಯಾರದು? ಸೂರ್ಯ ರೋಹಿಣಿಯಲ್ಲಿ ಇರುವಾಗ ರೋಹಿಣಿ ತಾರೆ ಹಗಲಿನ ಆಕಾಶದಲ್ಲಿರುತ್ತದೆ; ಆ ದಿನಗಳಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಮಳೆಗೆ ಹೆಸರು ಕೊಟ್ಟ ತಾರೆಯು ಮಳೆಯ ಕಾಲದಲ್ಲಿ ಕಾಣದ ತಾರೆ! ಎಷ್ಟು ಸ್ವಾರಸ್ಯಕರ ಪಾಠವಿದು. ಒಂದೇ ಪದದ ಗೊಂದಲದಲ್ಲಿ ನಾವು ಇದನ್ನು ಕಳೆದುಕೊಳ್ಳುತ್ತಿದ್ದೇವೆ.

ತಿಂಗಳುಗಳ ಹೆಸರಿನಲ್ಲಿಯೂ ಇದೇ ವಿಳಾಸಪದ್ಧತಿ ಇದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಅದರ ಕಾಲ ಶಕ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. ಕಾರ್ತಿಕ ಎಂಬ ಹೆಸರು ಬಂದಿರುವುದು ಆ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಹತ್ತಿರ ಇರುವುದರಿಂದ. ಬನಶಂಕರಿ ಜಾತ್ರೆಯ ಬನದ ಹುಣ್ಣಿಮೆ ಪುಷ್ಯ ಮಾಸದ್ದು. ಅಂದು ಚಂದ್ರ ಪುಷ್ಯದ ಆಸುಪಾಸಿನಲ್ಲಿ. ಜಾತ್ರೆಗೆ ಹೋದವರು ತಲೆಯೆತ್ತಿದರೆ ಇದನ್ನು ಪರೀಕ್ಷಿಸಬಹುದು. ಕೃತ್ತಿಕೆಯ ತಾರೆಗಳು ನಮ್ಮಿಂದ ಸುಮಾರು 440 ಬೆಳಕಿನ ವರ್ಷ ದೂರದಲ್ಲಿವೆ. ಚಂದ್ರ ಸುಮಾರು 3,84,000 ಕಿ.ಮೀ. ದೂರದಲ್ಲಿದೆ. 'ಚಂದ್ರ ಕೃತ್ತಿಕಾ ನಕ್ಷತ್ರದಲ್ಲಿದ್ದಾನೆ' ಎಂಬ ವಾಕ್ಯ ವಿಳಾಸವಾಗಿ ಸರಿ, ವಸ್ತುಸ್ಥಿತಿಯಾಗಿ ಅಸಂಬದ್ಧ.

ಇದಕ್ಕೆ ಪರಿಹಾರ ನಮ್ಮ ಮನೆಯಲ್ಲಿಯೇ ಇದೆ. ಹಿರಿಯರು ಶುಕ್ರನನ್ನು 'ಬೆಳ್ಳಿ ಚುಕ್ಕಿ' ಎನ್ನುತ್ತಾರೆ. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ರೊಟ್ಟಿ ಬಡಿಯುವ ಮನೆಗಳಲ್ಲಿ ಈ ಪದ ಸತ್ತಿಲ್ಲ. ವಿದ್ಯಾವಂತರು ಇದನ್ನೇ ತಿದ್ದಿ 'ಬೆಳಗಿನ ನಕ್ಷತ್ರ' ಎಂದು ಬರೆಯುತ್ತಾರೆ. ಇವೆರಡರಲ್ಲಿ ವೈಜ್ಞಾನಿಕ ಪದ ಯಾವುದು? ನಿಸ್ಸಂದೇಹವಾಗಿ ಹಿರಿಯರದು. ಚುಕ್ಕಿ ಎಂದರೆ ಕಣ್ಣಿಗೆ ಬಿಂದುವಾಗಿ ಕಾಣುವ ಬೆಳಕು. ಅದು ತಾರೆಯೋ ಗ್ರಹವೋ ಎಂಬ ಬಗ್ಗೆ ಆ ಪದ ಯಾವ ಭರವಸೆಯನ್ನೂ ಕೊಡುವುದಿಲ್ಲ. ಶುಕ್ರ ಸೂರ್ಯನ ಬೆಳಕನ್ನು ಪ್ರತಿಫಲಿಸುವ ಗ್ರಹ; ಅದು ಚುಕ್ಕಿ ಹೌದು, ನಕ್ಷತ್ರ ಖಂಡಿತ ಅಲ್ಲ. 'ಬೀಳುವ ನಕ್ಷತ್ರ' ಎಂಬ ಮಾತಿಗೂ ಇದೇ ತಿದ್ದುಪಡಿ ಅನ್ವಯಿಸುತ್ತದೆ. ವಾಯುಮಂಡಲದಲ್ಲಿ ಉರಿಯುವ ಉಲ್ಕೆ ಚುಕ್ಕಿಯಂತೆ ಜಾರಬಹುದು, ತಾರೆ ಬೀಳುವುದಿಲ್ಲ.

ಆದ್ದರಿಂದ ಮೂರು ಪದಗಳಿಗೂ ಕೆಲಸ ಕೊಡೋಣ. ಕಣ್ಣಿಗೆ ಕಂಡದ್ದು ಚುಕ್ಕಿ. ಸ್ವಂತ ಬೆಳಕಿನ ಗೋಳ ತಾರೆ. ಪಂಚಾಂಗದ 27 ಭಾಗಗಳಲ್ಲಿ ಒಂದು ನಕ್ಷತ್ರ. ಆಡುಮಾತಿನಲ್ಲಿ ತಾರೆಗೆ ನಕ್ಷತ್ರ ಎಂದರೆ ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಎರಡೂ ಅರ್ಥಗಳು ಒಂದೇ ಪುಟದಲ್ಲಿ ಬರುವಾಗ ಮಾತ್ರ ಈ ಗಡಿಯನ್ನು ಕಡ್ಡಾಯವಾಗಿ ಪಾಲಿಸಬೇಕು. ಜೋಡಿತಾರೆ, ನ್ಯೂಟ್ರಾನ್ ತಾರೆ, ತಾರಾಗುಚ್ಛ ಎಂಬ ಸಮಾಸಗಳೂ ಸುಲಭವಾಗಿ ಕೂಡಿಕೊಳ್ಳುತ್ತವೆ.

ಪುಂಜ ಮತ್ತು ಗುಚ್ಛಗಳ ನಡುವಿನ ವ್ಯತ್ಯಾಸವೂ ಇಲ್ಲಿಯೇ ಇತ್ಯರ್ಥವಾಗಬೇಕು. ಮಹಾವ್ಯಾಧದ ಆಕೃತಿಯಲ್ಲಿ ಕಾಣುವ ಆರ್ದ್ರಾ ತಾರೆ ಸುಮಾರು 550 ಬೆಳಕಿನ ವರ್ಷ ದೂರದಲ್ಲಿದ್ದರೆ ಅದರ ಕರ್ಣದ ತುದಿಯಲ್ಲಿರುವ ರೀಗೆಲ್ ಸುಮಾರು 860 ಬೆಳಕಿನ ವರ್ಷ ದೂರದಲ್ಲಿದೆ. ಅವುಗಳಿಗೆ ಪರಸ್ಪರ ನೆಂಟಸ್ತಿಕೆ ಇಲ್ಲ. ಅಂಗಳದ ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಿದ ರಂಗೋಲಿಯಂತೆ ಈ ಆಕೃತಿ. ಇದು ಪುಂಜ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅಂಗೀಕರಿಸಿರುವ ಪುಂಜಗಳು 88. ಕೃತ್ತಿಕೆಯ ತಾರೆಗಳಾದರೋ ಒಂದೇ ಮೋಡದಿಂದ ಹುಟ್ಟಿ ಗುರುತ್ವದಿಂದ ಒಟ್ಟಿಗಿರುವ ಒಡಹುಟ್ಟಿದವರು. ಇದು ಗುಚ್ಛ. ಒಂದು ನಮ್ಮ ನೋಟದ ಸೃಷ್ಟಿ, ಇನ್ನೊಂದು ನಿಸರ್ಗದ ಸೃಷ್ಟಿ. ಎರಡಕ್ಕೂ ಒಂದೇ ಪದ ಬಳಸಿದರೆ ಈ ಮುಖ್ಯ ವ್ಯತ್ಯಾಸ ಅಳಿಸಿಹೋಗುತ್ತದೆ.

ಗ್ರಹ: ಹಿಡಿಯುವುದೋ, ಸುತ್ತುವುದೋ?

ಗ್ರಹ ಎಂಬ ಪದದ ಧಾತುವಿಗೆ ಹಿಡಿಯುವುದು ಎಂದು ಅರ್ಥ. ಗ್ರಹಣ ಬಂದಿರುವುದೂ ಅದೇ ಧಾತುವಿನಿಂದ. ನವಗ್ರಹಗಳ ಪಟ್ಟಿಯಲ್ಲಿ ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು ಇವೆ. ಇವುಗಳಲ್ಲಿ ಸೂರ್ಯ ತಾರೆ. ಚಂದ್ರ ಉಪಗ್ರಹ. ರಾಹು, ಕೇತುಗಳು ವಸ್ತುಗಳೇ ಅಲ್ಲ. ಚಂದ್ರನ ಹಾದಿ ಕ್ರಾಂತಿವೃತ್ತವನ್ನು ಸುಮಾರು 5 ಡಿಗ್ರಿ ಕೋನದಲ್ಲಿ ದಾಟುವ ಎರಡು ಬಿಂದುಗಳು. ಆ ಬಿಂದುಗಳು ಹಿಂದಕ್ಕೆ ಸರಿಯುತ್ತಾ ಸುಮಾರು 18.6 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತವೆ. ಉಳಿದ ಐದು ಮಾತ್ರ ಇಂದಿನ ಅರ್ಥದ ಗ್ರಹಗಳು. ಭೂಮಿಯೂ ಒಂದು ಗ್ರಹ. ಅದಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ಹಾಗೆಂದು ಹಳಬರನ್ನು ಹೀಗಳೆಯುವುದು ಅನ್ಯಾಯ. ಸ್ಥಿರವಾಗಿ ಕಾಣುವ ಚುಕ್ಕಿಗಳ ಹಿನ್ನೆಲೆಯಲ್ಲಿ ಚಲಿಸುವಂತೆ ತೋರುವುದೆಲ್ಲ ಗ್ರಹ ಎಂಬುದು ಅವರ ವ್ಯಾಖ್ಯೆ. ಗ್ರೀಕರೂ ಅಲೆಮಾರಿ ಎಂಬ ಅರ್ಥದ ಪದ ಬಳಸಿ ಅದರಲ್ಲಿ ಸೂರ್ಯಚಂದ್ರರನ್ನು ಸೇರಿಸಿದ್ದರು. ಗ್ರಹಣಕ್ಕೆ ಕಾರಣ ನೆರಳು ಎಂದು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ವಿವರಿಸಿದ್ದ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ ಸ್ತಂಭಶಾಸನವೊಂದು ಶ್ರಾವಣ ಅಮಾವಾಸ್ಯೆಯ ಪೂರ್ಣ ಸೂರ್ಯಗ್ರಹಣವನ್ನು ದಾಖಲಿಸಿದೆ. ವಿದ್ವಾಂಸರು ಅದನ್ನು ಕ್ರಿ.ಶ. 754ರ ಜೂನ್ 25ಕ್ಕೆ ಹೊಂದಿಸಿದ್ದಾರೆ. ಗ್ರಹಣಗಳು ಲೆಕ್ಕಕ್ಕೆ ಸಿಗುವುದರಿಂದಲೇ ಇಂಥ ಕಲ್ಬರಹ ಇಂದು ಇತಿಹಾಸಕ್ಕೂ ಖಗೋಳ ವಿಜ್ಞಾನಕ್ಕೂ ಸಾಕ್ಷಿಯಾಗಿದೆ.

ದೋಷ ಹಳೆಯ ಪದದಲ್ಲಿಲ್ಲ. ಅರ್ಥ ಬದಲಾದುದನ್ನು ಹೇಳದೆ ಪದವನ್ನು ಮುಂದುವರಿಸಿದ ನಮ್ಮ ಬರಹಗಳಲ್ಲಿದೆ. ಪಾಠದಲ್ಲಿ ಗ್ರಹಗಳು ಎಂಟು, ಮನೆಯಲ್ಲಿ ಒಂಬತ್ತು. ಯಾವುದು ನಿಜ ಎಂದು ಮಗು ಕೇಳಿದಾಗ 'ಅದು ಬೇರೆ, ಇದು ಬೇರೆ' ಎಂದು ಸುಮ್ಮನಾಗಿಸುತ್ತೇವೆ. ಎರಡು ವ್ಯಾಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವ ಒಂದು ಪುಟ ಪ್ರತಿ ಪಠ್ಯಪುಸ್ತಕದಲ್ಲೂ ಇರಬೇಕು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹಕ್ಕೆ ಮೂರು ನಿಬಂಧನೆಗಳನ್ನು ವಿಧಿಸಿತು. ಸೂರ್ಯನನ್ನು ಸುತ್ತಬೇಕು, ಸ್ವಂತ ಗುರುತ್ವದಿಂದ ಗೋಳಾಕಾರ ತಳೆದಿರಬೇಕು, ತನ್ನ ಕಕ್ಷೆಯ ಆಸುಪಾಸನ್ನು ತೆರವುಗೊಳಿಸಿರಬೇಕು. ಪ್ಲೂಟೊ ಮೂರನೆಯದರಲ್ಲಿ ಸೋತು ಕುಬ್ಜಗ್ರಹವಾಯಿತು. ವ್ಯಾಖ್ಯೆ ಬದಲಾದರೆ ಪಟ್ಟಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನವಗ್ರಹದ ಪಟ್ಟಿಯನ್ನೂ ಇದೇ ದೃಷ್ಟಿಯಿಂದ ವಿವರಿಸಬಹುದು, ಯಾರ ಮನಸ್ಸನ್ನೂ ನೋಯಿಸದೆ.

ಕ್ಷುದ್ರಗ್ರಹ ಎಂಬುದು ಇನ್ನೊಂದು ತೊಡಕಿನ ಪದ. ಸಂಸ್ಕೃತದಲ್ಲಿ ಕ್ಷುದ್ರ ಎಂದರೆ ಚಿಕ್ಕದು ಎಂಬ ಅರ್ಥವಿದೆ. ಕನ್ನಡಿಗನ ಕಿವಿಗೆ ಮಾತ್ರ ಕ್ಷುದ್ರ ದೇವತೆ, ಕ್ಷುದ್ರ ಶಕ್ತಿ ನೆನಪಾಗುತ್ತವೆ. 'ಕ್ಷುದ್ರಗ್ರಹ ಭೂಮಿಯ ಸಮೀಪಕ್ಕೆ' ಎಂಬ ತಲೆಬರಹ ಓದಿದವರಿಗೆ ಅರ್ಧ ಭಯ ಬಂಡೆಯಿಂದಲ್ಲ, ವಿಶೇಷಣದಿಂದ ಬರುತ್ತದೆ. ಕಿರುಗ್ರಹ ಎಂದರೆ ಆ ಕೆಲಸ ನಿರಪಾಯವಾಗಿ ಆಗುತ್ತದೆ. ಧೂಮಕೇತುವಿನ ಕಥೆಯೂ ಅಷ್ಟೇ. ಅದರ ಬಾಲ ಹೊಗೆಯಲ್ಲ. ಸೂರ್ಯನ ಶಾಖಕ್ಕೆ ಹಿಮ ಆವಿಯಾಗಿ ಹೊರಬಂದ ಅನಿಲ ಮತ್ತು ದೂಳು. ಅದಕ್ಕೂ ನವಗ್ರಹದ ಕೇತುವಿಗೂ ಸಂಬಂಧವಿಲ್ಲ. ಹಳ್ಳಿಯ ಬಾಲಚುಕ್ಕಿ ಕಂಡದ್ದನ್ನು ಕಂಡಂತೆ ಹೇಳುತ್ತದೆ. ಬಾಗಲಕೋಟೆ ಜಿಲ್ಲೆಯಾದ 1997ರಲ್ಲೇ ಹೇಲ್-ಬಾಪ್ ಧೂಮಕೇತು ಬರಿಗಣ್ಣಿಗೆ ಸೊಗಸಾಗಿ ಕಂಡಿತ್ತು. ಧೂಮಕೇತು ಪದ ಬೇರೂರಿರುವುದರಿಂದ ಅದನ್ನು ಕೀಳಬೇಕಿಲ್ಲ. ಬಾಲಚುಕ್ಕಿಯನ್ನು ಅದರ ಪಕ್ಕದಲ್ಲಿ ಕೂರಿಸಿದರೆ ಸಾಕು.

ಬೇರೆ ತಾರೆಗಳನ್ನು ಸುತ್ತುವ ಗ್ರಹಗಳ ವಿಷಯದಲ್ಲಿ ನಾವು ಈಗಲೇ ಎಚ್ಚರ ವಹಿಸಬೇಕು. ಸೂರ್ಯನಂಥ ತಾರೆಯನ್ನು ಸುತ್ತುವ ಇಂಥ ಮೊದಲ ಗ್ರಹದ ಪತ್ತೆಯನ್ನು ಮೇಯರ್ ಮತ್ತು ಕೆಲೊ ಪ್ರಕಟಿಸಿದ್ದು 1995ರಲ್ಲಿ. 2019ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಇವುಗಳ ಸಂಖ್ಯೆ ಸಾವಿರಾರು. ಇವುಗಳನ್ನು ಹೊರಗ್ರಹ, ಬಾಹ್ಯಗ್ರಹ ಎಂದು ಬರೆಯುವುದುಂಟು. ಆದರೆ ಗುರು, ಶನಿ, ಯುರೇನಸ್, ನೆಪ್ಚೂನ್‌ಗಳೂ ಹೊರಗಿನ ಗ್ರಹಗಳೆಂದೇ ಪಾಠದಲ್ಲಿವೆ. ಸೌರೇತರ ಗ್ರಹ ಎಂದರೆ ಈ ಡಿಕ್ಕಿ ತಪ್ಪುತ್ತದೆ.

ಗೆಲಾಕ್ಸಿಗೆ ಎಷ್ಟು ಹೆಸರು?

ಅತಿ ಹೆಚ್ಚಿನ ಗೊಂದಲ ಇರುವುದು ಇಲ್ಲಿ. ಗೆಲಾಕ್ಸಿ, ಬ್ರಹ್ಮಾಂಡ, ಆಕಾಶಗಂಗೆ, ಕ್ಷೀರಪಥ, ನೀಹಾರಿಕೆ, ತಾರಾಮಂಡಲ, ನಕ್ಷತ್ರಪುಂಜ ಇವೆಲ್ಲವೂ ಬೇರೆ ಬೇರೆ ಬರಹಗಳಲ್ಲಿ ಒಂದೇ ವಸ್ತುವಿಗೆ ಬಳಕೆಯಾಗಿವೆ. ಇದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರತಂದದ್ದು 1918ರಲ್ಲಿ. ಆಗ ಇಡೀ ಜಗತ್ತಿನಲ್ಲಿಯೇ ಗೆಲಾಕ್ಸಿ ಎಂಬ ಸಾಮಾನ್ಯನಾಮಕ್ಕೆ ಅಗತ್ಯ ಸ್ಥಿರಪಟ್ಟಿರಲಿಲ್ಲ. ದೇವಯಾನಿಯ ಮಬ್ಬು ಮಚ್ಚೆ ನಮ್ಮ ಆಕಾಶಗಂಗೆಯೊಳಗಿನ ಮೋಡವೋ ಹೊರಗಿನ ಸ್ವತಂತ್ರ ವ್ಯವಸ್ಥೆಯೋ ಎಂದು 1920ರಲ್ಲಿ ಶಾಪ್ಲಿ ಮತ್ತು ಕರ್ಟಿಸ್ ವಾದಿಸಿದರು. 1923ರಲ್ಲಿ ಹಬಲ್ ಅದರಲ್ಲಿ ಸೆಫೀಡ್ ಬಗೆಯ ಚಂಚಲ ತಾರೆಯನ್ನು ಗುರುತಿಸಿ, ಅದರ ದೂರ ಅಳೆದು ವಿವಾದಕ್ಕೆ ತೆರೆ ಎಳೆದ. 1925ರ ಜನವರಿ 1ರಂದು ಆ ಫಲಿತಾಂಶ ವಿಜ್ಞಾನಿಗಳ ಸಭೆಯ ಮುಂದೆ ಬಂತು. ಅಲ್ಲಿಯವರೆಗೆ ಎಲ್ಲ ಮಬ್ಬು ಮಚ್ಚೆಗಳನ್ನೂ ನೀಹಾರಿಕೆ ಎಂದು ಕರೆದುದು ಅಂದಿನ ಜ್ಞಾನಕ್ಕೆ ಅನುಗುಣವಾಗಿಯೇ ಇತ್ತು. ಇಂದು 'ದೇವಯಾನಿ ನೀಹಾರಿಕೆ' ಎಂದು ಬರೆಯುವುದು ಮಾತ್ರ ನೂರು ವರ್ಷ ಹಿಂದಿನ ವಿಜ್ಞಾನ.

ನೀಹಾರ ಎಂದರೆ ಮಂಜು. ಅನಿಲ ಮತ್ತು ದೂಳಿನ ಮೋಡಕ್ಕೆ ನೀಹಾರಿಕೆ ಸುಂದರವೂ ನಿಖರವೂ ಆದ ಪದ. ಅದನ್ನು ಅಷ್ಟಕ್ಕೇ ಮೀಸಲಿಡೋಣ. ಮಹಾವ್ಯಾಧದಲ್ಲಿ ಸುಮಾರು 1,340 ಬೆಳಕಿನ ವರ್ಷ ದೂರದಲ್ಲಿರುವುದು ನೀಹಾರಿಕೆ. ದೇವಯಾನಿಯಲ್ಲಿ ಸುಮಾರು 25 ಲಕ್ಷ ಬೆಳಕಿನ ವರ್ಷ ದೂರದಲ್ಲಿರುವುದು ಗೆಲಾಕ್ಸಿ. ನವೆಂಬರ್ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ಹುನಗುಂದದ ಬಯಲಿನಲ್ಲಿ ನಿಂತರೆ ಅದು ಉತ್ತರಕ್ಕೆ ಬಹಳ ಎತ್ತರದಲ್ಲಿ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ.

ಬ್ರಹ್ಮಾಂಡ ಪದದ ತೊಂದರೆ ಇನ್ನೊಂದು ಬಗೆಯದು. ಕನ್ನಡದಲ್ಲಿ ಬ್ರಹ್ಮಾಂಡ ಎಂದರೆ ಇರುವುದೆಲ್ಲವೂ. 'ವಿಶ್ವದಲ್ಲಿ ಕೋಟ್ಯಂತರ ಬ್ರಹ್ಮಾಂಡಗಳಿವೆ' ಎಂದು ಓದಿದವರು ವಿಶ್ವ ದೊಡ್ಡದೋ ಬ್ರಹ್ಮಾಂಡ ದೊಡ್ಡದೋ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. 'ಕೋಟ್ಯಂತರ ಆಕಾಶಗಂಗೆಗಳು' ಎಂಬುದು ಹಿಂದಿಯ ಬಳಕೆಯಿಂದ ನುಸುಳಿದ ಪ್ರಯೋಗ. ಕನ್ನಡದಲ್ಲಿ ಆಕಾಶಗಂಗೆ ಒಂದೇ, ಅದು ಅಂಕಿತನಾಮ. ಕೃಷ್ಣೆ, ಮಲಪ್ರಭೆ, ಘಟಪ್ರಭೆ ಅಂಕಿತನಾಮಗಳು, ನದಿ ರೂಢನಾಮ. 'ಕರ್ನಾಟಕದಲ್ಲಿ ಅನೇಕ ಮಲಪ್ರಭೆಗಳು ಹರಿಯುತ್ತವೆ' ಎಂದು ಯಾರೂ ಬರೆಯುವುದಿಲ್ಲವಲ್ಲ! ಗೆಲಾಕ್ಸಿ ರೂಢನಾಮವಾಗಲಿ, ಆಕಾಶಗಂಗೆ ನಮ್ಮ ಗೆಲಾಕ್ಸಿಯ ಹೆಸರಾಗಲಿ. ಅದರ ಅಡ್ಡಳತೆ ಸುಮಾರು ಒಂದು ಲಕ್ಷ ಬೆಳಕಿನ ವರ್ಷ. ತಾರೆಗಳು ಹತ್ತು ಸಾವಿರ ಕೋಟಿಗೂ ಹೆಚ್ಚು. ಸೂರ್ಯ ಅದರ ಕೇಂದ್ರದಿಂದ ಸುಮಾರು 26,000 ಬೆಳಕಿನ ವರ್ಷ ದೂರದಲ್ಲಿದ್ದಾನೆ. 2017ರಲ್ಲಿ ಪುಣೆಯ ಅಯುಕಾ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ 'ಸರಸ್ವತಿ' ಗೆಲಾಕ್ಸಿಯಲ್ಲ, ಗೆಲಾಕ್ಸಿಗಳ ಮಹಾಗುಚ್ಛ. ತಾರೆ, ತಾರಾಗುಚ್ಛ, ಗೆಲಾಕ್ಸಿ, ಗೆಲಾಕ್ಸಿಗುಚ್ಛ, ಮಹಾಗುಚ್ಛ, ವಿಶ್ವ ಎಂಬ ಮೆಟ್ಟಿಲುಗಳು ಸ್ಪಷ್ಟವಾದರೆ ವಿಶ್ವದ ರಚನೆಯ ಅರ್ಧ ಪಾಠ ಮುಗಿದಂತೆ.

ದಾರಿ ತಪ್ಪಿಸುವ ಇನ್ನಷ್ಟು ಪದಗಳು

ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರ ಸುಮಾರು 9.46 ಲಕ್ಷ ಕೋಟಿ ಕಿಲೊಮೀಟರ್. ಇದಕ್ಕೆ ಜ್ಯೋತಿರ್ವರ್ಷ ಎಂಬ ಹೆಸರಿದೆ. ವರ್ಷ ಎಂದು ಕೊನೆಗೊಳ್ಳುವ ಪದವನ್ನು ಕಾಲದ ಅಳತೆಯೆಂದು ಓದುಗರು ತಿಳಿಯುವುದು ಸಹಜ. 'ಜ್ಯೋತಿರ್ವರ್ಷಗಳ ಹಿಂದೆ' ಎಂಬ ಪ್ರಯೋಗ ಭಾಷಣಗಳಲ್ಲಿ ಕೇಳುವುದು ಇದರ ಫಲವೇ. ಇಂಗ್ಲಿಷಿನಲ್ಲೂ ಈ ದೋಷವಿದೆ; ನಾವು ಅನುವಾದದ ಜೊತೆಗೆ ದೋಷವನ್ನೂ ತಂದುಕೊಂಡೆವು. ಬೆಳಕಿನ ವರ್ಷ ಎಂದಾಗಲೂ ತೊಂದರೆ ಪೂರ್ತಿ ಹೋಗದು, ಆದರೆ ಪದ ತಿಳಿಯಾಗುತ್ತದೆ. ಪ್ರತಿ ಬಾರಿಯೂ 'ದೂರ' ಎಂಬ ಮಾತನ್ನು ಜೊತೆಗಿಡುವುದು ಒಳ್ಳೆಯ ಅಭ್ಯಾಸ.

ಕೃಷ್ಣವಿವರ ಎಂಬ ಪದವನ್ನು ಜಿ.ಟಿ. ನಾರಾಯಣರಾವ್ ಅವರ ಬರಹಗಳು ಕನ್ನಡಿಗರಿಗೆ ಪರಿಚಯಿಸಿದವು. ಕನ್ನಡ ಖಗೋಳ ಸಾಹಿತ್ಯಕ್ಕೆ ಅವರು ಸಲ್ಲಿಸಿದ ಸೇವೆ ಅಸಾಧಾರಣವಾದುದು. ತಲೆಮಾರುಗಳೇ ಅವರ ಪುಸ್ತಕ ಹಿಡಿದು ತಾರೆಗಳನ್ನು ಗುರುತಿಸಲು ಕಲಿತಿವೆ. ಆದರೂ ಈ ಪದದ ವಿಷಯದಲ್ಲಿ ಭಿನ್ನಾಭಿಪ್ರಾಯ ಹೇಳಲೇಬೇಕು. ಸಂಸ್ಕೃತದಲ್ಲಿ ವಿವರ ಎಂದರೆ ರಂಧ್ರ. ಕನ್ನಡದಲ್ಲಿ ವಿವರ ಎಂದರೆ ವಿವರಣೆ. ಹೊಸ ಓದುಗರಿಗೆ ಇದು ಶ್ರೀಕೃಷ್ಣನ ವಿವರದಂತೆ ಕೇಳಿಸಿದರೆ ನಗುವಂತಿಲ್ಲ. ಕಪ್ಪುಕುಳಿ ಎಂಬ ಸರಳ ಪದ ಈಗ ಪತ್ರಿಕೆಗಳಲ್ಲಿ ನೆಲೆಯೂರುತ್ತಿದೆ, ಅದನ್ನೇ ಸ್ವೀಕರಿಸಬಹುದು. ಮಹಾನವ್ಯ ಎಂಬುದರ ಸ್ಥಿತಿಯೂ ಇಂಥದೇ. ನವ್ಯ ಎಂದೊಡನೆ ಕನ್ನಡಿಗರಿಗೆ ಸಾಹಿತ್ಯ ಪಂಥ ನೆನಪಾಗುತ್ತದೆ, ಸಿಡಿಯುವ ತಾರೆ ಅಲ್ಲ. ಸೂಪರ್‌ನೋವಾ ಎಂದೇ ಇಟ್ಟುಕೊಳ್ಳುವುದು ವಾಸಿ.

ಹಾಗಾದರೆ ಎಲ್ಲ ಪದಗಳನ್ನೂ ಇಂಗ್ಲಿಷಿನಿಂದಲೇ ತರಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಇಂಗ್ಲಿಷ್ ಪದಗಳೇನೂ ದೋಷಮುಕ್ತವಲ್ಲ. ಸಾಯುತ್ತಿರುವ ತಾರೆ ಕಳಚಿದ ಅನಿಲದ ಕವಚಕ್ಕೆ ಅವರಲ್ಲಿ ಇಂದಿಗೂ ಗ್ರಹದ ಹೆಸರು ಅಂಟಿಕೊಂಡಿದೆ. ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಕಣ್ಣಿಗೆ ಅದು ದುಂಡಗೆ ಗ್ರಹದ ಬಿಂಬದಂತೆ ಕಂಡಿತೆಂಬುದೇ ಕಾರಣ. ಅದನ್ನು ಕನ್ನಡಕ್ಕೆ 'ಗ್ರಹೀಯ ನೀಹಾರಿಕೆ' ಎಂದು ತರುವುದು ಇನ್ನೊಬ್ಬರ ತಪ್ಪನ್ನು ಸಾಲ ಪಡೆದಂತೆ. ಗೆಲಾಕ್ಸಿಯಂತೆ ನಮ್ಮಲ್ಲಿ ತಕ್ಕ ಪದ ಇಲ್ಲದಾಗ ತರೋಣ. ಇರುವಾಗ ನಮ್ಮದನ್ನೇ ಬಳಸೋಣ. ಸೂರ್ಯನ ಅಂಚು ಬಳೆಯಂತೆ ಉಳಿಯುವ ಗ್ರಹಣಕ್ಕೆ ಕಂಕಣ ಗ್ರಹಣ ಎಂದವರು ಎಂಥ ಪದ ಕೊಟ್ಟಿದ್ದಾರೆ ನೋಡಿ! 2019ರ ಡಿಸೆಂಬರ್ 26ರಂದು ಕಾಸರಗೋಡಿನ ಕಡೆ ಅದನ್ನು ಕಂಡವರಿಗೆ ಬೇರೆ ವಿವರಣೆಯೇ ಬೇಕಾಗಿರಲಿಲ್ಲ. ತಾರಾಲಯ, ಅರೆನೆರಳು ಇವೂ ಅಷ್ಟೇ ಯಶಸ್ವಿ ಪದಗಳು.

ಸಂಖ್ಯೆಗಳ ಅನುವಾದದ ಬಗ್ಗೆಯೂ ಒಂದು ಮಾತು. ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ, ಅದನ್ನು 13.8 ಕೋಟಿ ಎಂದು ಬರೆದರೆ ಭೂಮಿ ವಿಶ್ವಕ್ಕಿಂತ ಹಳೆಯದಾಗಿಬಿಡುತ್ತದೆ! ಬರೆಯುವವರು ಎರಡು ಬಾರಿ ಎಣಿಸಬೇಕು. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಕವಿ ರವಿಕೀರ್ತಿ ಕಾಲವನ್ನು ಎರಡು ರೀತಿಯಲ್ಲಿ ಕೊಟ್ಟಿದ್ದಾನೆ. ಭಾರತ ಯುದ್ಧದಿಂದ 3735 ವರ್ಷ ಎಂಬುದು ಒಂದು, ಶಕ 556 ಎಂಬುದು ಇನ್ನೊಂದು. ಎರಡೂ ಕ್ರಿ.ಶ. 634ರ ಸುಮಾರಿಗೇ ಬಂದು ಸೇರುತ್ತವೆ. ಕಾವ್ಯ ಬರೆದವನೂ ಅಳತೆಯ ವಿಷಯ ಬಂದಾಗ ಅನುಮಾನಕ್ಕೆ ಎಡೆಗೊಡಲಿಲ್ಲ.

ಹೊಳಪಿನ ಎರಡು ಅರ್ಥ: ಬಾದಾಮಿಯ ಆಕಾಶದಲ್ಲಿ ಒಂದು ಪರೀಕ್ಷೆ

ಹೊಳಪು, ಕಾಂತಿ, ಪ್ರಕಾಶ ಎಂಬ ಪದಗಳನ್ನೂ ನಾವು ಮನಬಂದಂತೆ ಬಳಸುತ್ತೇವೆ. ತಾರೆ ನಮಗೆ ಎಷ್ಟು ಬೆಳಗುವಂತೆ ತೋರುತ್ತದೆ ಎಂಬುದು ಒಂದು; ಅದು ನಿಜವಾಗಿ ಎಷ್ಟು ಬೆಳಕು ಸೂಸುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ತೋರಿಕೆಯ ಹೊಳಪು, ಎರಡನೆಯದಕ್ಕೆ ನಿಜಪ್ರಕಾಶ ಎಂದು ಗೊತ್ತುಮಾಡಿಕೊಂಡರೆ ಸಾಕು.

ಇದನ್ನು ನೀವೇ ಪರೀಕ್ಷಿಸಬಹುದು. ಬಾದಾಮಿಯ ಹಳೆಯ ಹೆಸರು ವಾತಾಪಿ. ಅಗಸ್ತ್ಯ, ವಾತಾಪಿ, ಇಲ್ವಲರ ಕಥೆ ಎಲ್ಲರಿಗೂ ಗೊತ್ತು. ಊರಿನ ಕೆರೆಯ ಹೆಸರೇ ಅಗಸ್ತ್ಯತೀರ್ಥ. ಆಕಾಶದಲ್ಲಿಯೂ ಈ ಹೆಸರುಗಳಿವೆ. ಮೃಗಶಿರದ ತಲೆಯ ಚುಕ್ಕಿಗಳಿಗೆ ಇಲ್ವಲ ಎಂಬ ಹೆಸರನ್ನು ಅಮರಕೋಶ ಕೊಡುತ್ತದೆ. ದಕ್ಷಿಣದ ಉಜ್ವಲ ತಾರೆಯೇ ಅಗಸ್ತ್ಯ. ಫೆಬ್ರುವರಿ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಊರಾಚೆಯ ಬಯಲಿಗೆ ಹೋಗಿ. ಕೆರೆಯ ದಂಡೆಯಿಂದ ದಕ್ಷಿಣದ ಗುಡ್ಡ ಅಡ್ಡ ಬಂದೀತು. ದಕ್ಷಿಣ ದಿಗಂತದಿಂದ ಸುಮಾರು 21 ಡಿಗ್ರಿ ಎತ್ತರದಲ್ಲಿ, ಅಂದರೆ ಕೈಚಾಚಿ ಹಿಡಿದ ಎರಡು ಮುಷ್ಟಿಗಳಷ್ಟು ಮೇಲೆ, ಅಗಸ್ತ್ಯ ಕಾಣುತ್ತದೆ. ಅದೇ ದಿಕ್ಕಿನಲ್ಲಿ ಬಹಳ ಮೇಲೆ ಲುಬ್ಧಕವಿದೆ. ಹಿಂದಿರುಗಿ ಉತ್ತರಕ್ಕೆ ನೋಡಿದರೆ ಧ್ರುವತಾರೆ ಕೇವಲ 16 ಡಿಗ್ರಿ ಎತ್ತರದಲ್ಲಿ. ಅದು ಬಾದಾಮಿಯ ಅಕ್ಷಾಂಶವೇ.

ಲುಬ್ಧಕ ಅಗಸ್ತ್ಯಕ್ಕಿಂತ ಹೆಚ್ಚು ಹೊಳೆಯುತ್ತದೆ. ಆದರೆ ಅದರ ದೂರ 8.6 ಬೆಳಕಿನ ವರ್ಷ ಮಾತ್ರ. ಅಗಸ್ತ್ಯದ ದೂರ ಸುಮಾರು 310. ಲುಬ್ಧಕದ ನಿಜಪ್ರಕಾಶ ಸೂರ್ಯನ ಸುಮಾರು 25 ಪಟ್ಟು, ಅಗಸ್ತ್ಯದ್ದು ಹತ್ತು ಸಾವಿರ ಪಟ್ಟಿಗೂ ಹೆಚ್ಚು. 'ಲುಬ್ಧಕ ಅತ್ಯಂತ ಪ್ರಕಾಶಮಾನ ನಕ್ಷತ್ರ' ಎಂಬ ಪಠ್ಯವಾಕ್ಯ ಎಲ್ಲಿ ಎಡವುತ್ತದೆ ಎಂದು ಈಗ ನೀವೇ ಹೇಳಬಲ್ಲಿರಿ.

ಒಪ್ಪಂದಕ್ಕೆ ಬರೋಣ

ಪದಗಳನ್ನು ಆಜ್ಞೆಯಿಂದ ಹೇರಲು ಸಾಧ್ಯವಿಲ್ಲ. ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷೆಗಾಗಿ ಕೇಂದ್ರ ಸರ್ಕಾರದ ಆಯೋಗ 1961ರಿಂದಲೂ ಇದೆ. ಕನ್ನಡದಲ್ಲಿ ವಿಶ್ವಕೋಶ ಮತ್ತು ಪದಕೋಶಗಳಿವೆ. ಪದ ಉಳಿಯುವುದು ಮಾತ್ರ ತರಗತಿಯಲ್ಲಿ, ಪತ್ರಿಕೆಯಲ್ಲಿ, ಮನೆಮಾತಿನಲ್ಲಿ. ಆದ್ದರಿಂದ ಶಿಕ್ಷಕರೂ ಲೇಖಕರೂ ಸಂಪಾದಕರೂ ಕನಿಷ್ಠ ಇಷ್ಟನ್ನು ಒಪ್ಪಿಕೊಂಡರೆ ದೊಡ್ಡ ಉಪಕಾರ:

ಚುಕ್ಕಿ: ಆಕಾಶದಲ್ಲಿ ಬಿಂದುವಾಗಿ ಕಾಣುವುದು.
ತಾರೆ: ಸ್ವಂತ ಬೆಳಕಿನ ಗೋಳ.
ನಕ್ಷತ್ರ: ಪಂಚಾಂಗದ 27 ಭಾಗಗಳಲ್ಲಿ ಒಂದು.
ಪುಂಜ: ಆಕಾಶದಲ್ಲಿ ನಾವು ಕಲ್ಪಿಸಿದ ಆಕೃತಿ.
ಗುಚ್ಛ: ಗುರುತ್ವದಿಂದ ಒಟ್ಟಾದ ಗುಂಪು.
ಗ್ರಹ: 2006ರ ವ್ಯಾಖ್ಯೆಯ ಎಂಟು, ನವಗ್ರಹ ಬಂದಾಗ ಹಳೆಯ ವ್ಯಾಖ್ಯೆಯ ವಿವರಣೆ ಜೊತೆಗಿರಲಿ.
ನೀಹಾರಿಕೆ: ಅನಿಲ, ದೂಳಿನ ಮೋಡ.
ಗೆಲಾಕ್ಸಿ: ಕೋಟ್ಯಂತರ ತಾರೆಗಳ ವ್ಯವಸ್ಥೆ.
ಆಕಾಶಗಂಗೆ: ನಮ್ಮ ಗೆಲಾಕ್ಸಿಯ ಹೆಸರು.
ವಿಶ್ವ: ಎಲ್ಲವೂ.

ಈ ಹಂಚಿಕೆಯಲ್ಲಿ ತಿದ್ದುಪಡಿಗೆ ಅವಕಾಶವಿದೆ. ನಿಮ್ಮ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪದ ಇರಬಹುದು. ಅದನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಆದರೆ ಆರಿಸಿದ ಪದವನ್ನು ಒಂದೇ ಅರ್ಥದಲ್ಲಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಳಸಿ. ಮುಂದಿನ ಬಾರಿ ಪಾಠದಲ್ಲಿ 'ಬೆಳಗಿನ ನಕ್ಷತ್ರ' ಎಂಬ ಮಾತು ಬಂದರೆ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಬೆಳ್ಳಿ ಚುಕ್ಕಿ ಎಂದು ಬರೆಯಿರಿ. ಏಕೆ ಎಂದು ವಿದ್ಯಾರ್ಥಿ ಕೇಳಿದರೆ, ಆ ದಿನದ ಪಾಠ ಅಲ್ಲಿಂದಲೇ ಆರಂಭವಾಗಲಿ.